ಲಕ್ಕಮ್ಮನವರ ಪ್ರಶ್ನೆ ಮತ್ತು ನಮ್ಮ ಆತ್ಮವಂಚನೆ

(ಮಠದ ಮಾಸಿಕ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಮನುಷ್ಯ ಇತರರಿಗೆ ಮೋಸ ಮಾಡುವುದು ಲಾಭಕ್ಕಾಗಿ. ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ತನಗೆ ತಾನೇ ಏಕೆ ಮೋಸ ಮಾಡಿಕೊಳ್ಳುತ್ತಾನೆ? ನಮಗೆ ತಪ್ಪನ್ನು ಬಿಡಲೂ ಮನಸ್ಸಿಲ್ಲ, ಒಳ್ಳೆಯವರೆಂಬ ಹೆಸರನ್ನು ಬಿಡಲೂ ಮನಸ್ಸಿಲ್ಲ. ಆಗ ಮನಸ್ಸು ತಪ್ಪಿಗೇ ಒಳ್ಳೆಯ ಹೆಸರಿಡುತ್ತದೆ. ಭಯವನ್ನು ಸಂಪ್ರದಾಯ ಎನ್ನುತ್ತೇವೆ. ದುರಾಸೆಯನ್ನು ಮಕ್ಕಳ ಭವಿಷ್ಯ ಎನ್ನುತ್ತೇವೆ. ಜಾತಿಯನ್ನು ಹಿರಿಯರ ಪದ್ಧತಿ ಎನ್ನುತ್ತೇವೆ.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತಿದೆ. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಮಡದಿ ಲಕ್ಕಮ್ಮನವರು ಸಂತೋಷಪಡಲಿಲ್ಲ. ಇದು ನಿಮ್ಮ ಮನವೋ, ಬಸವಣ್ಣನವರ ಅನುಮಾನದ ಚಿತ್ತವೋ ಎಂದು ಪ್ರಶ್ನಿಸಿ, ಹೆಚ್ಚಾದುದನ್ನು ಹಿಂದಕ್ಕೆ ಕಳುಹಿಸಿದರು. ಮಾರಯ್ಯನವರು ಕದ್ದಿರಲಿಲ್ಲ. ತಂದದ್ದು ದಾಸೋಹಕ್ಕೇ ಸಲ್ಲುತ್ತಿತ್ತು. ಅದಕ್ಕೇ ಅವರಿಗೆ ಅದು ಕಾಣಲಿಲ್ಲ. ಒಳ್ಳೆಯ ಹೆಸರು ಹೊತ್ತು ಬಂದ ಆಸೆ ಹೊತ್ತವನಿಗೆ ಕಾಣುವುದಿಲ್ಲ, ಪಕ್ಕದಲ್ಲಿದ್ದವರಿಗೆ ಕಾಣುತ್ತದೆ.

ಇನ್ನು ನನ್ನದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಬಸವ ಜಯಂತಿಯಂದು ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಬಗ್ಗೆ ಭಾಷಣ ಮಾಡಿದೆ. ಬಹಳ ಚಪ್ಪಾಳೆ ಬಿತ್ತು. ಅದೇ ತಿಂಗಳು ನನ್ನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ವಿದ್ಯಾವಂತ, ಮನೆಯವರೆಲ್ಲ ಇಷ್ಟಲಿಂಗ ನಿಷ್ಠರು. ನಾನು ಮೊದಲು ಕೇಳಿದ ಪ್ರಶ್ನೆ: "ಯಾವ ಒಳಪಂಗಡ?" ಬೇರೆ ಎಂದು ತಿಳಿದಾಗ, ಜಾತಕ ಕೂಡಿಬರಲಿಲ್ಲವೆಂದು ಹೇಳಿ ಕಳುಹಿಸಿದೆ. ಪಂಚಾಂಗ ನೋಡಬೇಡಿ ಎಂದು ಊರಿಗೆಲ್ಲ ಹೇಳುವವನು ನಾನೇ! ನನ್ನ ಮನಸ್ಸಿಗೆ ಬೇರೆ ಸಮಾಧಾನ ಹೇಳಿಕೊಂಡೆ: ಅವ್ವನಿಗೆ ವಯಸ್ಸಾಗಿದೆ, ಈ ಕೊನೆಗಾಲದಲ್ಲಿ ಆಕೆಯನ್ನು ನೋಯಿಸಬಾರದು.

ಮಗಳು ಒಂದೇ ಮಾತು ಕೇಳಿದಳು: "ಅಪ್ಪಾ, ಅಜ್ಜಿಯನ್ನು ಕೇಳಿದಿರಾ?"

ಕೇಳಿರಲಿಲ್ಲ. ಹೋಗಿ ಕೇಳಿದೆ. "ಲಿಂಗ ಕಟ್ಟಿದವರು ಹೌದಲ್ಲೋ? ಮತ್ತೇನು ನೋಡತಿ?" ಎಂದಳು ಅವ್ವ. ಅಷ್ಟರಲ್ಲಿ ಆ ಹುಡುಗನಿಗೆ ಬೇರೆ ಕಡೆ ಗೊತ್ತಾಗಿತ್ತು. ಅವರ ಮನೆಗೆ ಹೋಗಿ ನಿಜ ಹೇಳಿದೆ. ಹುಡುಗನ ತಂದೆ ಚಹಾ ಕೊಟ್ಟು, "ನಮಗೆ ಅಂದೇ ತಿಳಿದಿತ್ತು ಬಿಡ್ರಿ" ಎಂದರು. ಅಂದರೆ ಅವರು ಮೋಸ ಹೋಗಿರಲಿಲ್ಲ. ಮೋಸ ಹೋದವನು ನಾನೊಬ್ಬನೇ. ಆದರೆ ಬೆಲೆ ತೆತ್ತವಳು ನನ್ನ ಮಗಳು.

ಬಂಧುಗಳೇ, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದಾಗ ನಡುವೆ ಯಾವ ಪೂಜಾರಿಯೂ ಇರುವುದಿಲ್ಲ. ಅಲ್ಲಿ ನೆಪ ಹೇಳಲು ಯಾರೂ ಇಲ್ಲ. ಆದರೂ ನಾನು ದಿನವೂ ಶಿವಯೋಗ ಮಾಡುತ್ತಲೇ ಈ ಸುಳ್ಳನ್ನು ಸಾಕಿಕೊಂಡಿದ್ದೆ. ಏಕಾಂತವೊಂದೇ ಸಾಲದು ಎಂಬುದನ್ನು ಶರಣರು ಬಲ್ಲವರಾಗಿದ್ದರು. ಅದಕ್ಕೇ ಅನುಭವ ಮಂಟಪ ಬೇಕಾಯಿತು. ಬಸವಣ್ಣನವರು ತಮ್ಮ ಮನದ ಕುಂದುಗಳನ್ನು ತಾವೇ ವಚನಗಳಲ್ಲಿ ಹೇಳಿಕೊಂಡರು. ಮಾರಯ್ಯನವರು ಮಡದಿಯ ಮಾತಿಗೆ ತಲೆಬಾಗಿದರು. ಅದು ಅವರ ದೊಡ್ಡತನ.

ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡೋಣ. ಯಾರ ಹೆಸರು ಹೇಳಿ ನೆಪ ಒಡ್ಡುತ್ತಿದ್ದೇವೋ ಅವರನ್ನೇ ಒಮ್ಮೆ ಕೇಳೋಣ. ನಮ್ಮ ಮನೆಗಳಲ್ಲಿ ಲಕ್ಕಮ್ಮನವರು ಇದ್ದಾರೆ. ಅವರಿಗೆ ಪ್ರಶ್ನೆ ಕೇಳುವ ಧೈರ್ಯ ಕೊಡೋಣ, ಉತ್ತರ ಕೊಡುವ ಧೈರ್ಯ ನಾವು ಪಡೆಯೋಣ.