ಶಾಸಕರ ಮೇಲೆ ಕೇಸು ಹಾಕ್ಲಿಕ್ಕೆ ಆಗ್ತದಾ?



ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು 2017ರಲ್ಲಿ ಕೇರಳದಲ್ಲಿ ಬಂದಾಗ ಕಾಸರಗೋಡಿನ ಕನ್ನಡಿಗರಾದ ನಾವು ಬೀದಿಗೆ ಇಳಿದೆವು. ಅಂಥ ಕಾನೂನು ಬಂದಾಗಲೆಲ್ಲ ನಮ್ಮೊಳಗೆ ಏಳುವ ಪ್ರಶ್ನೆ ಒಂದೇ: "ಇದಕ್ಕೆ ಕೈ ಎತ್ತಿದ ಶಾಸಕರ ಮೇಲೆಯೇ ಕೇಸು ಹಾಕ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ಶಾಸಕರನ್ನು ಯಾವ ಕೋರ್ಟಿಗೂ ಎಳೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 194ನೇ ವಿಧಿ. ಸಂಸದರಿಗೆ ಇದೇ ರಕ್ಷಣೆ 105ನೇ ವಿಧಿಯಲ್ಲಿ ಉಂಟು. ಇದನ್ನು ಕೇಳಿ ಸಿಟ್ಟು ಮಾಡ್ಕೊಳ್ಬೇಡಿ. 2021ರಲ್ಲಿ ಮಂಜೇಶ್ವರದ ಶಾಸಕರು ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. 140 ಮಂದಿಯ ಸದನದಲ್ಲಿ ನಮ್ಮ ಪರ ಎದ್ದು ನಿಲ್ಲುವ ಒಬ್ಬಿಬ್ಬರಿಗೇ ಈ ರಕ್ಷಣೆ ಹೆಚ್ಚು ಬೇಕು.

ಆದರೆ ರಕ್ಷಣೆಗೂ ಗಡಿ ಉಂಟು. 2015ರ ಮಾರ್ಚ್ 13ರಂದು, ಬಜೆಟ್ ದಿನ, ಕೇರಳ ವಿಧಾನಸಭೆಯಲ್ಲಿ ನಡೆದ ದಾಂಧಲೆಯ ಕೇಸನ್ನು ಕೈಬಿಡಲು ಸರ್ಕಾರ ಹೊರಟಾಗ 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸೊತ್ತು ಹಾಳು ಮಾಡುವುದು ಶಾಸಕರ ಕೆಲಸವಲ್ಲ ತಾನೇ? ಲಂಚ ತಗೊಂಡು ಮತ ಹಾಕಿದವರಿಗೂ ರಕ್ಷಣೆ ಇಲ್ಲವೆಂದು 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬೀದಿಯ ವೇದಿಕೆಯಲ್ಲಿ ಮಾಡಿದ ಭಾಷಣಕ್ಕೂ ಈ ರಕ್ಷಣೆ ಸಿಗುವುದಿಲ್ಲ.

ಹಾಗಾದ್ರೆ ನಾವು ಕೋರ್ಟಿಗೆ ಕರೆಯಬೇಕಾದ್ದು ಯಾರನ್ನು? ಸರ್ಕಾರವನ್ನು. ರಾಜ್ಯದ ಹೆಸರಿನಲ್ಲೇ ದಾವೆ ಹೂಡಬಹುದು ಎಂದು 300ನೇ ವಿಧಿ ಹೇಳುತ್ತದೆ. ಕಾನೂನೋ ಸರ್ಕಾರಿ ಆದೇಶವೋ ನಮ್ಮ ಹಕ್ಕನ್ನು ಮುರಿದರೆ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕಬಹುದು. ಭಾಷೆ ಉಳಿಸಿಕೊಳ್ಳುವ ಹಕ್ಕು 29ನೇ ವಿಧಿಯಲ್ಲಿ, ನಮ್ಮದೇ ಶಾಲೆ ಕಟ್ಟಿ ನಡೆಸುವ ಹಕ್ಕು 30ನೇ ವಿಧಿಯಲ್ಲಿ ಉಂಟು. ಇವು ಮೂಲಭೂತ ಹಕ್ಕುಗಳು. ಇವುಗಳಿಗೆ ವಿರುದ್ಧವಾದ ಕಾನೂನು, ಇಡೀ ಸದನ ಒಟ್ಟಾಗಿ ಪಾಸು ಮಾಡಿದ್ದರೂ, ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಶಾಸಕರನ್ನು ಬೈದು ಸಮಯ ಕಳೆಯುವುದು ಬೇಡ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ, ಕನ್ನಡದ ಅರ್ಜಿಯನ್ನು ಕಚೇರಿಯಲ್ಲಿ ತೆಗೆದುಕೊಳ್ಳದಿದ್ದರೆ, ಅಂದೇ ಬರೆದು ದೂರು ಕೊಡೋಣ. ಕನ್ನಡದಲ್ಲೇ ಕೊಡೋಣ, ಅದಕ್ಕೆ 350ನೇ ವಿಧಿ ಉಂಟು. ರಶೀದಿ ಕೇಳಿ ಪಡೆಯೋಣ, ಪ್ರತಿ ಇಟ್ಟುಕೊಳ್ಳೋಣ. ಕೋರ್ಟಿನಲ್ಲಿ ನಮ್ಮ ಪರವಾಗಿ ಮಾತಾಡುವುದು ಆ ಕಾಗದಗಳೇ.

ಇನ್ನು ಶಾಸಕರ ಲೆಕ್ಕ? ಅದನ್ನು ಚುಕ್ತಾ ಮಾಡ್ಲಿಕ್ಕೆ ಐದು ವರ್ಷಕ್ಕೊಮ್ಮೆ ಮತಪೆಟ್ಟಿಗೆ ನಮ್ಮ ಊರಿಗೇ ಬರ್ತದೆ. ಅಲ್ಲಿ ಯಾರಿಗೂ ರಕ್ಷಣೆ ಇಲ್ಲ.

ಜೈ ಕನ್ನಡಾಂಬೆ.