ಗೂಡು ಬೆಳೆದವಳು ಮಾರ್ಕೆಟ್ಟು ನೋಡಬಾರದೆ?

(ಹೋಬಳಿ ಮಟ್ಟದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಅರಳಿಕಟ್ಟೆ ಮೇಲೆ ಕೂತವರ ಬಾಯಲ್ಲಿ ಈಗ ಒಂದೇ ಮಾತು: "ಹೆಂಗಸರ ಸಂಘದೋರು ಮತ್ತೆ ಟೂರು ಹೊಂಟವ್ರೆ." 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ತಪ್ಪಿದ ಮೇಲಂತೂ ಈ ಕುಹಕ ಜಾಸ್ತಿಯಾಗಿದೆ. ಧರ್ಮಸ್ಥಳ ಅಂತಾರೆ, ಮಾದಪ್ಪನ ಬೆಟ್ಟ ಅಂತಾರೆ, ಮನೆ ಕೆಲಸ ಕೆಡುತ್ತದೆ ಎಂದು ನೀವೂ ಆಡಿಕೊಂಡಿರಬಹುದು. ವರ್ಷವೆಲ್ಲ ಒಲೆ, ದನ, ಹುಳು ಎಂದು ಸವೆದ ಜೀವ ಒಂದು ದಿನ ದೇವರ ಮುಖ ನೋಡಿ ಬಂದರೆ ಯಾರ ಗಂಟೇನೂ ಹೋಗುವುದಿಲ್ಲ. ಆದರೆ ನಾನು ಹೇಳಬೇಕೆಂದಿರುವುದು ಬೇರೆ ಒಂದು ಟೂರಿನ ವಿಷಯ.

ನಮ್ಮ ಕಡೆ ರೇಷ್ಮೆಯೇ ಬದುಕು. ಸಂಘದ ಸಭೆಯಲ್ಲಿ ಹೋದ ವರ್ಷ ಎಲ್ಲಿಗೆ ಹೋಗೋಣ ಎಂದು ಮಾತು ಬಂದಾಗ ವಯಸ್ಸಾದ ಒಬ್ಬ ತಾಯಿ ಅಂದರಂತೆ: "ನಲವತ್ತು ವರ್ಷದಿಂದ ಹುಳ ಮೇಯಿಸ್ತಾ ಇವ್ನಿ. ನಾನು ಬಿಡಿಸಿದ ಗೂಡು ಎಲ್ಲಿಗೆ ಹೋಯ್ತದೆ ಅಂತ ಒಂದು ದಿವ್ಸ ಕಂಡಿಲ್ಲ." ಆ ಮಾತಿಗೆ ಯಾರೂ ಎದುರಾಡಲಿಲ್ಲ. 14 ಜನ ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಹೊರಟರು. ಅವತ್ತೇ ನಮ್ಮೂರಿನ ಎರಡು ಮನೆಯ ಗೂಡೂ ಟೆಂಪೋದಲ್ಲಿ ಅಲ್ಲಿಗೆ ಹೋಗಿತ್ತು.

ಯೋಚನೆ ಮಾಡಿ. ಸೊಪ್ಪು ಕೊಯ್ಯುವವಳು ಅವಳು, ತಟ್ಟೆ ಕಸ ತೆಗೆಯುವವಳು ಅವಳು. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳು ತಿನ್ನುವ ತಿಂಡಿ ನಿಮಗೆ ಗೊತ್ತು. ರಾತ್ರಿ ಎದ್ದು ಸೊಪ್ಪು ಹಾಕುವವಳೂ ಅವಳೇ. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವ ದಿನ ಅವಳಿಗೆ ಊಟದ ಪರಿವೆ ಇರುವುದಿಲ್ಲ. ಗೂಡು ಮೂಟೆಗೆ ತುಂಬಿದ ಮೇಲೆ ಮಾತ್ರ ನಾವು ಒಗೆದ ಅಂಗಿ ಹಾಕಿಕೊಂಡು ಮಾರ್ಕೆಟ್ಟಿಗೆ ಹೊರಡುತ್ತೇವೆ. ಸಾಯಂಕಾಲ ಬಂದು "ಇಷ್ಟೇ ಹೋಯ್ತು" ಅಂದರೆ ಅವಳು ನಂಬಬೇಕು.

ಅವತ್ತು ಅವರು ಕಣ್ಣಾರೆ ಕಂಡರು. ಜಾಲರಿಗೆ ಸುರಿದ ಗೂಡನ್ನು ರೀಲರು ಒಂದು ಹಿಡಿ ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ಕೆಳಗೆ ಹಾಕಿ, ಮೊಬೈಲಿನಲ್ಲಿ ಬೆಲೆ ಒತ್ತುತ್ತಾನೆ. ಬಾಯಲ್ಲಿ ಕೂಗುವ ಹರಾಜು ಹೋಗಿ ಇ-ಹರಾಜು ಬಂದಿದೆ. ಬಂದ ಬೆಲೆ ಒಪ್ಪದಿದ್ದರೆ ಬೇಡ ಎನ್ನುವ ಹಕ್ಕು ಗೂಡು ತಂದವನಿಗೆ ಉಂಟು ಎಂಬುದೂ ಅವರಿಗೆ ಅವತ್ತೇ ತಿಳಿದದ್ದು. ನಮ್ಮೂರಿನ ಎರಡು ಲಾಟು ಒಂದೇ ಕಡೆಯ ಚಾಕಿ, ಒಂದೇ ವಾರದ ಬೆಳೆ. ಬೆಲೆ ಮಾತ್ರ ಬೇರೆ ಬೇರೆ. ಕಡಿಮೆ ಬಿದ್ದ ಮನೆಯಾಕೆ ಸುಮ್ಮನಿರದೆ ರೀಲರನ್ನೇ ಕೇಳಿದಳು. ಅವನು ಬೇಜಾರಿಲ್ಲದೆ ಆರಿಸಿ ತೋರಿಸಿದ: ಇದು ಜೋಡಿ ಗೂಡು, ಇದು ಕಲೆಯಾದದ್ದು, ಇದು ಊಜಿ ನೊಣ ತೂತು ಮಾಡಿದ್ದು. ಮುಂದಿನ ಬೆಳೆಯಿಂದ ಸಂಘದವರ ಮನೆಗಳಲ್ಲಿ ಆರಿಸದೆ ಮೂಟೆ ಕಟ್ಟುವುದು ನಿಂತಿದೆ. ಇಲಾಖೆಯವರು ಎಷ್ಟು ಸಲ ಹೇಳಿದರೂ ನಾವು ಗಂಡಸರು ಕಿವಿಗೆ ಹಾಕಿಕೊಳ್ಳದ ಮಾತು ಇದು.

ಬಂದ ಮೇಲೆ ಲೆಕ್ಕ ಹಾಕಲು ಕೂತರು. ಮೊಟ್ಟೆ, ಗೊಬ್ಬರ, ಔಷಧಿ, ಬಾಡಿಗೆ ಎಲ್ಲ ಬರೆದಾದ ಮೇಲೆ ಒಬ್ಬಾಕೆ "ನಮ್ಮ ಕೂಲಿ ಎಲ್ಲಿ?" ಅಂದಳು. ಬಂಧುಗಳೇ, ಮನೆಯವರ ದುಡಿಮೆಗೂ ಬೆಲೆ ಕಟ್ಟಿ ಉತ್ಪಾದನಾ ವೆಚ್ಚ ತೆಗೆಯಿರಿ ಎಂದು ದೆಹಲಿಯ ಬೆಲೆ ಆಯೋಗದ ಮುಂದೆ ರೈತ ಚಳವಳಿ ಕೂಗುತ್ತಾ ಬಂದಿದೆ. ನಮ್ಮ ಮನೆಯ ಲೆಕ್ಕದಲ್ಲಿ ಆ ಕೂಲಿಯನ್ನು ನಾವು ಎಂದಾದರೂ ಬರೆದಿದ್ದೇವೆಯೇ? ರೇಷ್ಮೆ ಗೂಡಿಗೆ ಕೇಂದ್ರದ ಬೆಂಬಲ ಬೆಲೆಯೂ ಇಲ್ಲ, ಹರಾಜೇ ಗತಿ. ಅಂಥ ಬೆಳೆಯಲ್ಲಿ ಕೂಲಿ ಬಿಟ್ಟು ಲೆಕ್ಕ ಹಾಕಿದರೆ ನಷ್ಟವೂ ಲಾಭದ ಹಾಗೆ ಕಾಣುತ್ತದೆ.

ಇನ್ನು ಸಾಲ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಸೊಸೈಟಿಯಲ್ಲಿ ಬೆಳೆ ಸಾಲ ಹುಟ್ಟುವುದಿಲ್ಲ. ಹೆಸರು ಕೂರಿಸೋಣ ಎಂದರೆ ನಮಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಬೋರು ಕೊರೆಸಲು, ಹುಳುಮನೆಗೆ ಶೀಟು ಹೊದೆಸಲು ದುಡ್ಡು ಬೇಕಾದಾಗ ಅವಳನ್ನೇ ಮೈಕ್ರೋ ಫೈನಾನ್ಸಿನ ಗುಂಪಿಗೆ ಕಳಿಸುತ್ತೇವೆ. ಸಾಲ ಬಿದ್ದದ್ದು ಬೋರಿಗೆ, ರುಜು ಅವಳದು. ಹುಳು ಒಡೆದು ಗೂಡು ಮಾರಲು ಹತ್ತಿರ ಹತ್ತಿರ ಒಂದು ತಿಂಗಳು ಬೇಕು. ಕಂತಿನವನು ವಾರ ವಾರ ಬಾಗಿಲಲ್ಲಿ ನಿಲ್ಲುತ್ತಾನೆ. ಎಲ್ಲಿಂದ ತಂದಾಳು? ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರ ಕತ್ತಿಗೆ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಯಲ್ಲಿ ಓದಿದ್ದೀರಿ. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಒಳ್ಳೆಯದೇ. ಆದರೆ ವಾರದ ಕಂತು ವಾರದ ಕಂತಾಗಿಯೇ ಉಳಿದಿದೆ.

2000ದ ಹೊತ್ತಿಗೆ ಶುರುವಾದ ಸ್ತ್ರೀಶಕ್ತಿ ಸಂಘಗಳ ರೀತಿ ಬೇರೆ: ತಾವೇ ಉಳಿಸಿ ತಮ್ಮೊಳಗೇ ಸಾಲ ಕೊಡುವುದು. ನಮ್ಮೂರ ಸಂಘದವರು ಮಾರ್ಕೆಟ್ಟು ನೋಡಿ ಬಂದ ಮೇಲೆ ತಮ್ಮ ಉಳಿತಾಯದ ಸಾಲಕ್ಕೆ ಕಂತನ್ನು ಗೂಡು ಮಾರುವ ದಿನಕ್ಕೆ ಇಟ್ಟುಕೊಂಡಿದ್ದಾರೆ. ಪುಸ್ತಕದಲ್ಲಿ ಸಾಲದ ಪಕ್ಕ ಚಾಕಿ ತಂದ ತಾರೀಖು ಬರೆಯುತ್ತಾರೆ. ಯಾವ ಬ್ಯಾಂಕಿನ ಮ್ಯಾನೇಜರೂ ಅವರಿಗೆ ಇದನ್ನು ಕಲಿಸಲಿಲ್ಲ. ನಿಮ್ಮ ಊರಿನ ಸಂಘ ಬರೀ ಕಂತು ವಸೂಲಿಯ ಗುಂಪಾಗಿದ್ದರೆ, ಅದು ಹೆಂಗಸರ ತಪ್ಪೋ ನಮ್ಮ ಬೋರಿನ ತಪ್ಪೋ ನೋಡಿಕೊಳ್ಳಿ.

ಮುಂದಿನ ಸಲ ಶಿಡ್ಲಘಟ್ಟದ ಮಾರುಕಟ್ಟೆ ನೋಡಿ ಎರಡು ಕಡೆಯ ಬೆಲೆ ತಾಳೆ ಹಾಕಬೇಕು ಎಂದು ನಮ್ಮವರು ಬಸ್ಸಿನ ಹೊತ್ತು ವಿಚಾರಿಸಿ ಇಟ್ಟಿದ್ದಾರೆ. ಅಕ್ಕಪಕ್ಕದ ಊರಿನ ಸಂಘದವರೂ ಬರುವುದಾದರೆ ಹೇಳಿ ಕಳಿಸಿ. ಅವತ್ತು ಹಾಲು ಕರೆದು ಡೈರಿಗೆ ಹಾಕುವುದು, ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕುವುದು ನಮ್ಮ ಪಾಲಿನ ಕೆಲಸ.