ಬಾಗಿಲು ತೆರೆದಿದೆ, ಅರ್ಜಿ ಎಲ್ಲಿ?

(ಹಾರನಹಳ್ಳಿಯ ಜುಮಾ ಖುತ್ಬಾದ ಸಾರಾಂಶ)



ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರ ಪೈಕಿ ಹಣವಿಲ್ಲದ, ಆದರೆ ಓದುಬರಹ ಬಲ್ಲವರಿಗೆ ಪ್ರವಾದಿವರ್ಯರು(ಸ) ಮದೀನಾದ ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ ಬಿಡುಗಡೆಯ ಶರತ್ತಾಗಿಸಿದರು. ಕಲಿಸುವವರು ಶತ್ರುಗಳೆಂದು ವಿದ್ಯೆಯನ್ನು ದೂರವಿಡಲಿಲ್ಲ.

ನಮ್ಮ ನಾಡಿನ ಮಾತನ್ನೇ ಕೇಳಿ. ಶಿರಾಜ್‌ನಿಂದ ಬೆಂಗಳೂರಿಗೆ ಬಂದು ಕುದುರೆ ವ್ಯಾಪಾರ ಮಾಡಿದವರು ಅಲಿ ಅಸ್ಕರ್. ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1926ರಲ್ಲಿ ಮೈಸೂರಿನ ದಿವಾನರಾದರು. ಅವರು ಮಹಾರಾಜರ ಸಹಪಾಠಿ, ಆ ಭಾಗ್ಯ ಎಲ್ಲರಿಗೂ ಇಲ್ಲ ಎನ್ನುವಿರಿ. ನಿಜ. ಆದರೆ ಅದೇ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, ಮುಸ್ಲಿಮರೂ ಸೇರಿದಂತೆ ಹಿಂದುಳಿದವರಿಗೆ ಓದು ಮತ್ತು ಸರಕಾರಿ ಹುದ್ದೆಯ ದಾರಿ ತೆರೆದರು. ಇಂದು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕಾನೂನುಬದ್ಧ ಹಕ್ಕು.

ಕಳೆದ ವರ್ಷ ನಮ್ಮ ಜಮಾಅತಿನ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಪಾಸಾದ. ಆದಾಯ ಪ್ರಮಾಣಪತ್ರ ಕೈಸೇರುವಷ್ಟರಲ್ಲಿ ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಕಳೆದಿತ್ತು. ಈಗ ಅರಸೀಕೆರೆಯಲ್ಲಿ ಕೊಬ್ಬರಿ ಮೂಟೆ ಹೊರುತ್ತಾನೆ. ಹಲಾಲ್ ದುಡಿಮೆಯಲ್ಲಿ ನಾಚಿಕೆಯಿಲ್ಲ. ಆದರೆ ಅದು ಅವನ ಆಯ್ಕೆಯಾಗಿರಲಿಲ್ಲ. ಇದೇ ಮಿಂಬರಿನಿಂದ ಚಂದ್ರದರ್ಶನ ಸಾರಿದ ನಾನು ಆ ತಾರೀಖನ್ನು ಸಾರಲಿಲ್ಲ. ತಪ್ಪು ನನ್ನದೂ ಹೌದು.

ಸರಕಾರ ಬಾಗಿಲು ತೆರೆಯಬೇಕು; ತೆರೆಯದಿದ್ದರೆ ಕೇಳುವುದು ನಮ್ಮ ಹಕ್ಕು. ತೆರೆದ ಬಾಗಿಲವರೆಗೆ ಮಕ್ಕಳನ್ನು ಕರೆದೊಯ್ಯುವುದು ನಮ್ಮ ಹೊಣೆ. ಇನ್ನು ಪ್ರತಿ ಜುಮಾದ ನಂತರ ಓದಿದ ಇಬ್ಬರು ಯುವಕರು ಮಸೀದಿಯಲ್ಲಿ ಕೂತು ಅರ್ಜಿ ತುಂಬಿಕೊಡುತ್ತಾರೆ. ಗಂಡುಮಕ್ಕಳದಷ್ಟೇ ಅಲ್ಲ, ಹೆಣ್ಣುಮಕ್ಕಳ ಕಾಗದಪತ್ರಗಳನ್ನೂ ತನ್ನಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ಕರುಣಿಸಲಿ. ಆಮೀನ್.